ಲೋಣಾವಳಾದಲ್ಲಿ ಏನಾಯಿತು ಎಂದು ಕೇಳುವವರು

ಮುಂಬಯಿಯವರಿಗೆ ಲೋಣಾವಳಾ ಎಂದರೆ ಚಿಕ್ಕಿ, ಮಳೆಗಾಲದ ಜಲಪಾತ, ಶನಿವಾರ ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇ ಮೇಲೆ ಸಾಲುಗಟ್ಟಿದ ಕಾರುಗಳು. 2019ರ ಸೆಪ್ಟೆಂಬರ್ ನಂತರ ಆ ಹೆಸರಿಗೆ ಇನ್ನೊಂದು ಅರ್ಥ ಸೇರಿಕೊಂಡಿತು. ಆ ತಿಂಗಳು ಅಮೆಜಾನ್ ಪ್ರೈಮ್‌ನಲ್ಲಿ ರಾಜ್ ಮತ್ತು ಡಿಕೆ ಜೋಡಿಯ ‘ದಿ ಫ್ಯಾಮಿಲಿ ಮ್ಯಾನ್’ ಬಂತು. ಮನೋಜ್ ಬಾಜಪೇಯಿ ಮಾಡಿದ ಶ್ರೀಕಾಂತ್ ತಿವಾರಿ ಮುಂಬಯಿಯ ಮಧ್ಯಮವರ್ಗದ ಗೃಹಸ್ಥ, ಎರಡು ಮಕ್ಕಳ ತಂದೆ, ಒಳಗೊಳಗೆ ಭಯೋತ್ಪಾದನೆ ತಡೆಯುವ ದಳವೊಂದರ ಗೂಢಚಾರ. ಹೆಂಡತಿ ಸುಚಿತ್ರಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ಆಮೇಲೆ ಒಂದು ಸ್ಟಾರ್ಟಪ್ ಸೇರುತ್ತಾಳೆ. ಕೆಲಸದ ನಿಮಿತ್ತ ಸಹೋದ್ಯೋಗಿ ಅರವಿಂದನ ಜೊತೆ ಲೋಣಾವಳಾಕ್ಕೆ ಹೋಗುತ್ತಾಳೆ. ಅಲ್ಲಿ ಏನಾಯಿತು ಎಂಬುದನ್ನು ಮೊದಲ ಸೀಸನ್ ಬಿಡಿಸಿ ಹೇಳಲಿಲ್ಲ.

ನೋಡುಗರು ಅದನ್ನು ಬಿಡಲಿಲ್ಲ. ಮೀಮ್‌ಗಳಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡಿಕೊಂಡು ಆಡುವ ಮಾತಿನಲ್ಲಿ ಒಂದೇ ಪ್ರಶ್ನೆ: ‘ಲೋಣಾವಳಾದಲ್ಲಿ ಏನಾಯಿತು?’ ಸುಚಿತ್ರಾ ಪಾತ್ರ ಮಾಡಿದವರು ನಮ್ಮ ಬೆಂಗಳೂರಿನ ಪ್ರಿಯಾಮಣಿ. ‘ರಾಮ್’, ‘ಚಾರುಲತಾ’ ಚಿತ್ರಗಳಿಂದ ಕನ್ನಡಿಗರಿಗೆ ಪರಿಚಿತರು. ಶ್ರೀಕಾಂತನಿಗೆ ಹೀಗೆ ಮಾಡಬಹುದೇ ಎಂದು ಜನ ತಮ್ಮನ್ನೇ ಬೈದು ಬರೆಯುತ್ತಾರೆ ಎಂದು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪಾತ್ರದ ಮೇಲಿನ ಕೋಪ ನಟಿಯ ಮೇಲೆ ಹರಿಯುವುದು ಹೊಸದಲ್ಲ, ಖಳನಾಯಕನ ಪಾತ್ರ ಮಾಡಿದವರಿಗೆ ಊರ ಜಾತ್ರೆಯಲ್ಲಿ ಹೆಂಗಸರು ಶಾಪ ಹಾಕಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಸುಚಿ ಖಳನಾಯಕಿ ಅಲ್ಲ. ಈ ಕಥೆಯಲ್ಲಿ ಬಾಂಬ್ ಇಡುವವರಿದ್ದಾರೆ, ವಿಷಾನಿಲ ಬಿಡಲು ಹೊರಟವರಿದ್ದಾರೆ. ಅವರಿಗೆ ಸಿಗದಷ್ಟು ಬೈಗುಳ ಒಂದು ರಾತ್ರಿಯ ಬಗ್ಗೆ ಬಾಯಿ ಬಿಡದ ಹೆಂಡತಿಗೆ ಸಿಕ್ಕಿತು.

ಆ ಮನೆಯಲ್ಲಿ ಎರಡು ಗುಟ್ಟುಗಳಿವೆ ಎಂಬುದನ್ನು ಗಮನಿಸಿ. ಗಂಡ ವರ್ಷಗಟ್ಟಲೆ ಸುಳ್ಳು ಹೇಳುತ್ತಾನೆ. ಎಲ್ಲಿದ್ದೀಯ ಎಂದರೆ ಆಫೀಸಿನಲ್ಲಿ, ಯಾಕೆ ತಡ ಎಂದರೆ ಫೈಲು. ಮಗನ ಶಾಲೆಗೆ, ಮಗಳ ಮಾತಿಗೆ, ಹೆಂಡತಿಯ ಊಟಕ್ಕೆ ಅವನು ಸಿಗುವುದೇ ಅಪರೂಪ. ನಾವು ಅವನ ಸುಳ್ಳಿಗೆ ನಗುತ್ತೇವೆ, ಅಯ್ಯೋ ಪಾಪ ಎನ್ನುತ್ತೇವೆ. ಹೆಂಡತಿ ಒಂದು ವಿಷಯದಲ್ಲಿ ಸುಮ್ಮನಿರುತ್ತಾಳೆ, ಅದಕ್ಕೆ ಉತ್ತರ ಬೇಕೇ ಬೇಕು ಎಂದು ಹಟ ಹಿಡಿಯುತ್ತೇವೆ. 2021ರ ಜೂನ್‌ನಲ್ಲಿ ಬಂದ ಎರಡನೇ ಸೀಸನ್ನಿನಲ್ಲಿ ಸಮಂತಾ ಮಾಡಿದ ರಾಜಿ ಎಂಬ ಬಂಡುಕೋರಳಿದ್ದಾಳೆ. ಅವಳು ಸುಳ್ಳು ಗುರುತಿನಲ್ಲಿ ಬದುಕುತ್ತಾಳೆ, ಕೊಲ್ಲುತ್ತಾಳೆ, ಪ್ರಧಾನಿಯ ಹತ್ಯೆಗೆ ಹೊರಟಿದ್ದಾಳೆ. ಅವಳ ಬಗ್ಗೆ ಮರುಗಿದ ಗೆಳೆಯರು ನನಗೆ ಬೇಕಾದಷ್ಟಿದ್ದಾರೆ. ಅದೇ ಗೆಳೆಯರಿಗೆ ಸುಚಿಯ ಮೇಲೆ ಮಾತ್ರ ಕೋಪ ಇಳಿದಿರಲಿಲ್ಲ. ಹಾಗಾದರೆ ನಾವು ಸುಳ್ಳನ್ನು ತೂಗುವ ತಕ್ಕಡಿ ಯಾವುದು?

ಮೊದಲು ಹೊಳೆಯುವ ಉತ್ತರ ಇದು: ಅವನ ಸುಳ್ಳು ದೇಶಕ್ಕಾಗಿ, ಅವಳ ಮೌನ ತನಗಾಗಿ. ದೊಡ್ಡ ಒಳಿತಿಗಾಗಿ ಹೇಳಿದ ಸುಳ್ಳನ್ನು ಕ್ಷಮಿಸಬಹುದು.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊಲೆಗಾರನೇ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಬಾರದು ಎಂದು 1797ರಲ್ಲಿ ಕಾಂಟ್ ವಾದಿಸಿದ. ಅಷ್ಟು ಕಟ್ಟುನಿಟ್ಟಾಗಿ ಬದುಕುವವರು ನಮ್ಮಲ್ಲಿ ಯಾರೂ ಇಲ್ಲ. ನಮ್ಮ ಕಡೆಯ ಅರ್ಥಶಾಸ್ತ್ರವಂತೂ ಸುಳ್ಳನ್ನು ಒಂದು ಹುದ್ದೆಯನ್ನಾಗಿಯೇ ಮಾಡಿತು. ಕಳೆದೇಹೋಗಿತ್ತು ಎಂದುಕೊಂಡಿದ್ದ ಆ ಗ್ರಂಥದ ಓಲೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಅದರಲ್ಲಿ ಗೂಢಚಾರರ ವರ್ಗಗಳನ್ನು ಪಟ್ಟಿ ಮಾಡಲಾಗಿದೆ. ಯಾರಿಗೆ ಬಂಧುಗಳ ಮೇಲೆ ಪ್ರೀತಿಯಿಲ್ಲವೋ, ಯಾರು ಕ್ರೂರಿಗಳೂ ಸೋಮಾರಿಗಳೂ ಆಗಿರುವರೋ ಅಂಥವರನ್ನು ವಿಷವಿಕ್ಕುವ ಕೆಲಸಕ್ಕೆ ಆರಿಸಬೇಕು ಎನ್ನುತ್ತದೆ. ಹೆಂಗಸರಿಗೂ ಅಲ್ಲಿ ಜಾಗವಿದೆ. ಜೀವನೋಪಾಯಕ್ಕೆ ದಾರಿ ಹುಡುಕುತ್ತಿರುವ, ಮಾತಿನಲ್ಲಿ ಚುರುಕಾದ ಬಡ ವಿಧವೆ ಪರಿವ್ರಾಜಿಕೆಯಾಗಿ ಅಮಾತ್ಯರ ಮನೆಗಳಿಗೆ ಹೋಗಿ ಬರಬೇಕು. ಒಬ್ಬ ಗೂಢಚಾರ ತಂದ ಸುದ್ದಿಯನ್ನು ನಂಬುವಂತಿಲ್ಲ, ಬೇರೆಬೇರೆಯಾಗಿ ಮೂವರು ಒಂದೇ ಮಾತು ಹೇಳಿದರೆ ಮಾತ್ರ ನಂಬಿಕೆ.

ಕೌಟಿಲ್ಯನಲ್ಲಿ ನನಗೆ ಮೆಚ್ಚುಗೆಯಾಗುವುದು ಈ ಪ್ರಾಮಾಣಿಕತೆ. ಗೂಢಚಾರನನ್ನು ಅವನು ಹೊಗಳುವುದಿಲ್ಲ. ರಾಜ್ಯಕ್ಕೆ ಇಂಥ ಕೆಲಸ ಬೇಕು, ಇದಕ್ಕೆ ಇಂಥವರು ಸಿಗುತ್ತಾರೆ, ಇವರನ್ನು ಪೂರ್ತಿ ನಂಬಬೇಡಿ ಎನ್ನುತ್ತಾನೆ. ಮನೆಯವರನ್ನು ಪ್ರೀತಿಸುವ ಗೃಹಸ್ಥನೊಬ್ಬ ಸಂಜೆ ತರಕಾರಿ ತಂದುಕೊಟ್ಟು ರಾತ್ರಿ ಈ ಕೆಲಸಕ್ಕೆ ಹೋಗಿಬರುತ್ತಾನೆ ಎಂಬ ಸಿಹಿ ಕಲ್ಪನೆ ನಮ್ಮ ಕಾಲದ್ದು.

ಹಾಗಿದ್ದರೂ ಒಪ್ಪೋಣ. ಶ್ರೀಕಾಂತ್ ತನ್ನ ಕಾರ್ಯಾಚರಣೆಯ ವಿವರವನ್ನು ಹೆಂಡತಿಗೆ ಹೇಳದಿರುವುದು ತಪ್ಪಲ್ಲ, ಹೇಳಿದರೆ ಅವಳ ಜೀವಕ್ಕೂ ಅಪಾಯ. ತೊಂದರೆ ಇರುವುದು ದೊಡ್ಡ ಸುಳ್ಳಿನ ನೆರಳಿನಲ್ಲಿ ಬೆಳೆಯುವ ಚಿಕ್ಕ ಸುಳ್ಳುಗಳಲ್ಲಿ. ಒಮ್ಮೆ ‘ಕೆಲಸವಿತ್ತು’ ಎಂಬ ಮಾತಿಗೆ ಮನೆಯಲ್ಲಿ ಎದುರುಮಾತಿಲ್ಲ ಎಂದಾದರೆ, ಎಲ್ಲಕ್ಕೂ ಅದೇ ಉತ್ತರವಾಗುತ್ತದೆ. ಮಗುವಿನ ಜ್ವರ, ಹೆಂಡತಿಯ ಬೇಸರ, ಅತ್ತೆಮನೆಯ ಮದುವೆ, ಎಲ್ಲದರಿಂದಲೂ ತಪ್ಪಿಸಿಕೊಳ್ಳಲು ದೇಶಸೇವೆ ನೆಪವಾಗುತ್ತದೆ. ಐಟಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಗಳಲ್ಲಿ ‘ಕಾಲ್ ಇದೆ’ ಎಂಬ ಎರಡು ಪದಕ್ಕೆ ಇರುವ ಶಕ್ತಿ ಯಾವ ಗುರುತಿನ ಚೀಟಿಗೂ ಇಲ್ಲ. ಕ್ಲೈಂಟ್ ಅಮೆರಿಕದಲ್ಲಿ ಎದ್ದಿರುತ್ತಾನೋ ಇಲ್ಲವೋ, ಇಲ್ಲಿ ಗಂಡ ಹೆಡ್‌ಫೋನ್ ಹಾಕಿಕೊಂಡು ಬಾಲ್ಕನಿಗೆ ಹೋದ ಎಂದರೆ ಪಾತ್ರೆ, ಹೋಂವರ್ಕ್, ಮುದುಕರ ಮಾತ್ರೆ ಎಲ್ಲ ಇನ್ನೊಬ್ಬರ ಪಾಲಿಗೆ. ಎರಡನೇ ಸೀಸನ್ನಿನಲ್ಲಿ ಶ್ರೀಕಾಂತ್ ಗೂಢಚಾರಿಕೆ ಬಿಟ್ಟು ಒಂದು ಐಟಿ ಕಂಪನಿ ಸೇರುತ್ತಾನಲ್ಲ, ಆ ಭಾಗ ಬರೆದವರಿಗೆ ನಮ್ಮ ಮನೆಗಳ ಪರಿಚಯ ಚೆನ್ನಾಗಿಯೇ ಇತ್ತು ಎಂದು ನನಗೆ ಅನಿಸಿದೆ.

ಇನ್ನೂ ಒಂದು ಕಾರಣಕ್ಕೆ ‘ದೇಶಕ್ಕಾಗಿ’ ಎಂಬ ವಿವರಣೆ ನಿಲ್ಲುವುದಿಲ್ಲ. ‘ಬ್ರೇಕಿಂಗ್ ಬ್ಯಾಡ್’ನ ವಾಲ್ಟರ್ ವೈಟ್ ಹೆಂಡತಿಗೆ ಹೇಳಿದ ಸುಳ್ಳಿನ ಹಿಂದೆ ಯಾವ ದೇಶವೂ ಇರಲಿಲ್ಲ. ಅವನು ಮಾದಕವಸ್ತು ತಯಾರಿಸುತ್ತಿದ್ದ, ಕೊಲ್ಲಿಸುತ್ತಿದ್ದ. ಆದರೂ ನೋಡುಗರ ದ್ವೇಷ ಹೋದದ್ದು ಅವನನ್ನು ಪ್ರಶ್ನಿಸಿದ ಹೆಂಡತಿ ಸ್ಕೈಲರ್ ಮೇಲೆ. ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ದ್ವೇಷದ ಬಗ್ಗೆಯೇ ಒಂದು ಲೇಖನ ಬರೆಯಬೇಕಾಯಿತು. ನಮ್ಮ ಪ್ರಿಯಾಮಣಿಗೆ ಆದದ್ದು ಅವರಿಗೆ ಮೊದಲೇ ಆಗಿತ್ತು. ಅಂದರೆ ಗಂಡನ ಸುಳ್ಳಿಗೆ ಸಿಗುವ ಮಾಫಿಗೆ ದೇಶ ಕಡ್ಡಾಯವಲ್ಲ.

ಎರಡನೆಯ ಉತ್ತರ ಕ್ಯಾಮೆರಾದ್ದು. ಕಥೆಯನ್ನು ನಾವು ನಾಯಕನ ಬೆನ್ನ ಹಿಂದೆ ನಿಂತು ನೋಡುತ್ತೇವೆ. ಅವನ ಸುಳ್ಳಿನ ಕಾರಣ ನಮಗೆ ಗೊತ್ತು, ಅವಳ ಮೌನದ ಕಾರಣ ಗೊತ್ತಿಲ್ಲ. ಗೊತ್ತಿರುವವನನ್ನು ಕ್ಷಮಿಸುತ್ತೇವೆ, ಗೊತ್ತಿಲ್ಲದವಳನ್ನು ಅನುಮಾನಿಸುತ್ತೇವೆ. ಇದರಲ್ಲಿ ಗಂಡು ಹೆಣ್ಣಿನ ಮಾತೇ ಇಲ್ಲ, ಹೆಣ್ಣನ್ನು ನಾಯಕಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನಬಹುದು.

ಇದು ಒಳ್ಳೆಯ ವಾದ, ಇದನ್ನು ಪರೀಕ್ಷಿಸಲೂ ಬಹುದು. ಹೆಣ್ಣೇ ಗೂಢಚಾರಳಾಗಿ ಕಥೆಯ ನಡುವೆ ನಿಂತಿರುವ ಕೃತಿಗಳು ಈಗ ಸಾಕಷ್ಟಿವೆ. 2011ರಿಂದ 2020ರವರೆಗೆ ಎಂಟು ಸೀಸನ್ ನಡೆದ ‘ಹೋಮ್‌ಲ್ಯಾಂಡ್’ನಲ್ಲಿ ಕ್ಲೇರ್ ಡೇನ್ಸ್ ಮಾಡಿದ ಕ್ಯಾರಿ ಮ್ಯಾಥಿಸನ್ ಸಿಐಎ ಅಧಿಕಾರಿ. ಅವಳಿಗೆ ಬೈಪೋಲಾರ್ ಕಾಯಿಲೆ, ಅದನ್ನು ಇಲಾಖೆಯಿಂದ ಮುಚ್ಚಿಟ್ಟಿದ್ದಾಳೆ. ಹುಟ್ಟಿದ ಮಗುವನ್ನು ಅಕ್ಕನ ಹತ್ತಿರ ಬಿಟ್ಟು ಕಾಬೂಲ್, ಇಸ್ಲಾಮಾಬಾದ್ ಎಂದು ಕೆಲಸಕ್ಕೆ ಹೋಗುತ್ತಾಳೆ. 2014ರ ನಾಲ್ಕನೇ ಸೀಸನ್ನಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಮಗುವನ್ನು ಮುಳುಗಿಸುವ ಯೋಚನೆ ಅವಳ ಮನಸ್ಸಿನಲ್ಲಿ ಹಾದುಹೋಗುವ ದೃಶ್ಯವಿದೆ. ಕ್ಯಾಮೆರಾ ಪೂರ್ತಿ ಅವಳ ಕಡೆಗಿದೆ, ಅವಳ ಒಳಗಿನ ತಳಮಳವೆಲ್ಲ ನಮಗೆ ಗೊತ್ತಿದೆ. ಹಾಗಿದ್ದೂ ಅವಳ ಬಗ್ಗೆ ನಡೆದ ಚರ್ಚೆಯಲ್ಲಿ ಮತ್ತೆಮತ್ತೆ ಎದ್ದ ಪ್ರಶ್ನೆ, ಇವಳೆಂಥ ತಾಯಿ ಎಂಬುದು. ಅವಳ ಆಜ್ಞೆಯಿಂದ ಮದುವೆಮನೆಯ ಮೇಲೆ ಬಾಂಬ್ ಬಿದ್ದದ್ದು ಅದೇ ಸೀಸನ್ನಿನ ಆರಂಭದಲ್ಲಿ. ಸತ್ತ ಮದುವೆಮನೆಯವರಿಗಿಂತ ನೀರಿನಿಂದ ಎತ್ತಿಕೊಂಡ ಮಗು ಹೆಚ್ಚು ಚರ್ಚೆಗೆ ಬಂತು.

ನಮ್ಮ ಕಡೆಯ ‘ರಾಜಿ’ಯನ್ನು ನೋಡಿ. ಹರಿಂದರ್ ಸಿಕ್ಕಾ ಅವರ ‘ಕಾಲಿಂಗ್ ಸೆಹಮತ್’ ಕಾದಂಬರಿ ಆಧರಿಸಿ ಮೇಘನಾ ಗುಲ್ಜಾರ್ ನಿರ್ದೇಶಿಸಿದ ಈ ಚಿತ್ರ 2018ರ ಮೇ ತಿಂಗಳಲ್ಲಿ ಬಂತು. 1971ರ ಯುದ್ಧದ ಹೊತ್ತಿಗೆ ಕಾಶ್ಮೀರದ ಹುಡುಗಿ ಸೆಹಮತ್ ಪಾಕಿಸ್ತಾನದ ಸೈನ್ಯಾಧಿಕಾರಿಯನ್ನು ಮದುವೆಯಾಗಿ ಅಲ್ಲಿಂದ ಸುದ್ದಿ ಕಳಿಸುತ್ತಾಳೆ. ಮನೆಯ ಹಳೆಯ ಆಳನ್ನು ಜೀಪು ಹರಿಸಿ ಕೊಲ್ಲುತ್ತಾಳೆ, ಗಂಡನ ಅಣ್ಣನಿಗೆ ವಿಷವಿಕ್ಕುತ್ತಾಳೆ. ತನ್ನನ್ನು ನಿಜವಾಗಿ ಪ್ರೀತಿಸಿದ ಗಂಡನಿಗೆ ದಿನವೂ ಸುಳ್ಳು ಹೇಳುತ್ತಾಳೆ. ನಂಬಿಕೆದ್ರೋಹದ ಲೆಕ್ಕದಲ್ಲಿ ಅವಳ ಪಕ್ಕದಲ್ಲಿ ಸುಚಿಯ ಲೋಣಾವಳಾ ಏನೂ ಅಲ್ಲ. ಆದರೂ ಜನ ಸೆಹಮತಳನ್ನು ತಲೆಯ ಮೇಲೆ ಹೊತ್ತುಕೊಂಡರು, ಚಿತ್ರ ನೂರು ಕೋಟಿ ದಾಟಿತು. ಯಾಕೆ? ಸಾಯುತ್ತಿರುವ ಅಪ್ಪನ ಮಾತಿಗಾಗಿ ಅವಳು ಈ ಕೆಲಸಕ್ಕೆ ಒಪ್ಪಿದ್ದು. ಮಾಡಿದ ಒಂದೊಂದು ಕೊಲೆಗೂ ಅಳುತ್ತಾಳೆ. ಕೊನೆಗೆ ಸಂತೋಷವೆಂಬುದೇ ಅವಳಿಗೆ ಉಳಿಯುವುದಿಲ್ಲ.

2024ರ ನವೆಂಬರ್‌ನಲ್ಲಿ ಅದೇ ರಾಜ್ ಮತ್ತು ಡಿಕೆ ‘ಸಿಟಾಡೆಲ್: ಹನಿ ಬನಿ’ ಮಾಡಿದರು. ಸಮಂತಾ ಇಲ್ಲಿ ಹನಿ, ಹಿಂದಿ ಚಿತ್ರರಂಗದಲ್ಲಿ ಅವಕಾಶಕ್ಕಾಗಿ ಅಲೆದು ಗೂಢಚಾರಿಕೆಗೆ ಬಂದವಳು. ಅವಳೂ ಬಚ್ಚಿಡುತ್ತಾಳೆ, ಹೊಡೆಯುತ್ತಾಳೆ, ಕೊಲ್ಲುತ್ತಾಳೆ. ಆದರೆ ಅವಳ ಪಕ್ಕದಲ್ಲಿ ನಾದಿಯಾ ಎಂಬ ಪುಟ್ಟ ಮಗಳಿದ್ದಾಳೆ, ಎಲ್ಲವೂ ಅವಳನ್ನು ಉಳಿಸಲು. ಹನಿಯ ನೈತಿಕತೆಯ ಬಗ್ಗೆ ಜಗಳವಾಡಿದವರನ್ನು ನಾನು ಕಂಡಿಲ್ಲ. ರಾಜಿಯ ವಿಷಯವೂ ಹಾಗೆಯೇ. ಅವಳು ಅನುಭವಿಸಿದ ಹಿಂಸೆಯನ್ನು, ಗಿರಣಿಯ ಮೇಲ್ವಿಚಾರಕನ ಕಾಟವನ್ನು ತೋರಿಸಿದ ಮೇಲೆ ನಮ್ಮ ಮನಸ್ಸು ಕರಗಿತು.

ಈ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ತಕ್ಕಡಿಯ ಗುಟ್ಟು ಗೊತ್ತಾಗುತ್ತದೆ. ಹೆಣ್ಣು ಸುಳ್ಳು ಹೇಳಬಹುದು, ಆದರೆ ಆ ಸುಳ್ಳು ಬೇರೆ ಯಾರಿಗಾಗಿಯೋ ಆಗಿರಬೇಕು. ಅಪ್ಪನಿಗಾಗಿ, ಮಗಳಿಗಾಗಿ, ದೇಶಕ್ಕಾಗಿ, ಸತ್ತುಹೋದ ತನ್ನವರಿಗಾಗಿ. ಜೊತೆಗೆ ಅವಳು ನೋವು ತಿನ್ನಬೇಕು, ತಿಂದದ್ದು ನಮಗೆ ಕಾಣಬೇಕು. ಕ್ಯಾರಿ ಕೆಲಸಕ್ಕೆ ಹೋದದ್ದು ಆ ಕೆಲಸ ಅವಳಿಗೆ ಇಷ್ಟ ಎಂಬ ಕಾರಣಕ್ಕೂ ಹೌದು, ಅದನ್ನು ನಾವು ಸಹಿಸಲಿಲ್ಲ. ಸುಚಿಯ ಮೌನ ಯಾರಿಗಾಗಿಯೂ ಅಲ್ಲ, ಅದು ಅವಳದೇ. ಅದಕ್ಕೆ ನಮ್ಮಲ್ಲಿ ಕ್ಷಮೆಯ ಖಾತೆಯೇ ಇಲ್ಲ. ಗಂಡಿಗೆ ಹೀಗೆ ಷರತ್ತಿಲ್ಲ. ವಾಲ್ಟರ್ ವೈಟ್ ಕಥೆಯ ಕೊನೆಗೆ ಇದನ್ನೆಲ್ಲ ನನಗಾಗಿಯೇ ಮಾಡಿದೆ ಎಂದು ಹೆಂಡತಿಯೆದುರು ಒಪ್ಪಿಕೊಂಡಾಗ ಜನ ಅವನ ಪ್ರಾಮಾಣಿಕತೆಗೆ ಚಪ್ಪಾಳೆ ತಟ್ಟಿದರು.

ಇದನ್ನು ಓಟಿಟಿ ಕಾಲದ ರೋಗ ಎಂದುಕೊಳ್ಳಬೇಡಿ. ಮಹಾಭಾರತದ ಯುದ್ಧದಲ್ಲೂ ಇಂಥ ಎರಡು ಗುಟ್ಟುಗಳಿವೆ. ದ್ರೋಣರನ್ನು ಬೀಳಿಸಲು ಧರ್ಮರಾಯ ಅಶ್ವತ್ಥಾಮನ ಬಗ್ಗೆ ಅರ್ಧ ಸುಳ್ಳು ಹೇಳಿದ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಹೆಸರು ಮಾತ್ರ ಧರ್ಮರಾಯನೆಂದೇ ಉಳಿಯಿತು. ಯುದ್ಧ ಮುಗಿದ ಮೇಲೆ ಕುಂತಿ, ಕರ್ಣನಿಗೂ ತರ್ಪಣ ಕೊಡು, ಅವನು ನಿನ್ನ ಅಣ್ಣ ಎಂದು ಬಾಯಿಬಿಟ್ಟಳು. ಆಗ ಅದೇ ಧರ್ಮರಾಯ, ಇನ್ನು ಮೇಲೆ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಇಡೀ ಸ್ತ್ರೀಕುಲಕ್ಕೆ ಶಾಪ ಕೊಟ್ಟ. ಸುಳ್ಳು ಹೇಳಿ ಗುರುವನ್ನು ಕೊಲ್ಲಿಸಿದ ಗಂಡಸು ಗಂಡುಕುಲಕ್ಕೇನೂ ಶಾಪ ಹಾಕಿಕೊಳ್ಳಲಿಲ್ಲ. ಈ ಕಥೆಯನ್ನು ತಾಳಮದ್ದಲೆಯಲ್ಲೋ ಅಜ್ಜಿಯ ಬಾಯಲ್ಲೋ ಕೇಳಿ ಬೆಳೆದ ನಾವು, ಗುಟ್ಟು ಉಳಿಯದ್ದು ಹೆಂಗಸರ ಸ್ವಭಾವ ಎಂದು ನಗುತ್ತೇವೆ. ಆದರೆ ಕಥೆಯಲ್ಲಿ ಇರುವುದು ತದ್ವಿರುದ್ಧ. ಅಷ್ಟು ವರ್ಷ ಗುಟ್ಟನ್ನು ಕಾಪಾಡಿದ್ದಕ್ಕೇ ಅವಳಿಗೆ ಶಿಕ್ಷೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕುಂತಿಯ ಗುಟ್ಟಿನಿಂದ ಯಾರಿಗೂ ನಷ್ಟವಾಗಲಿಲ್ಲವೇ? ಆಯಿತು. ಕರ್ಣ ಇಡೀ ಬದುಕು ಅವಮಾನ ಉಂಡ, ತಮ್ಮಂದಿರು ಗೊತ್ತಿಲ್ಲದೆ ಅಣ್ಣನನ್ನು ಕೊಂದರು. ಹಾಗೆಯೇ ದಾಂಪತ್ಯದಲ್ಲಿ ಮೂರನೆಯವರು ಬಂದರೆ, ಅದನ್ನು ಮುಚ್ಚಿಟ್ಟರೆ, ಇನ್ನೊಬ್ಬರಿಗೆ ನೋವಾಗುತ್ತದೆ. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅವಳ ಎಲ್ಲ ಗುಟ್ಟುಗಳೂ ಪವಿತ್ರವಾಗುವುದಿಲ್ಲ. ನಾನು ಸುಚಿಯ ವಕಾಲತ್ತು ವಹಿಸುತ್ತಿಲ್ಲ. ಗಂಡು ಹೆಣ್ಣು ಇಬ್ಬರಿಗೂ ಒಂದೇ ತಕ್ಕಡಿ ಬೇಕು ಎನ್ನುತ್ತಿದ್ದೇನೆ.

ಆ ತಕ್ಕಡಿಗೆ ನನಗೆ ತೋಚುವ ಪ್ರಶ್ನೆಗಳು ಮೂರು. ಈ ಗುಟ್ಟು ಯಾರಿಗೆ ಸೇರಿದ್ದು? ಇದನ್ನು ಕಾಪಾಡುವ ಖರ್ಚನ್ನು ಯಾರು ಹೊರುತ್ತಿದ್ದಾರೆ? ಇದನ್ನು ತಿಳಿಯುವ ಹಕ್ಕು ಯಾರಿಗಿದೆ?

ನನ್ನ ಕೆಲಸದಿಂದಲೇ ಒಂದು ಉದಾಹರಣೆ. ಪ್ರಾಜೆಕ್ಟ್ ಮುಗಿಯುತ್ತ ಬಂದಾಗ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು ಎಂಬ ಪಟ್ಟಿ ಮ್ಯಾನೇಜರ್ ಕೈಗೆ ವಾರಗಳ ಮೊದಲೇ ಬಂದಿರುತ್ತದೆ. ಹೇಳುವಂತಿಲ್ಲ ಎಂಬ ಕಟ್ಟಪ್ಪಣೆಯೂ ಜೊತೆಗೇ ಬಂದಿರುತ್ತದೆ. ಆ ವಾರಗಳಲ್ಲಿ ಪಟ್ಟಿಯಲ್ಲಿರುವ ಹುಡುಗನ ಎದುರು ಕೂತು ಊಟ ಮಾಡಬೇಕು, ಥಾಣೆಯಲ್ಲಿ ಫ್ಲ್ಯಾಟ್ ಬುಕ್ ಮಾಡುತ್ತಿದ್ದೇನೆ ಸರ್ ಎಂದು ಅವನು ಹೇಳುವುದನ್ನು ಕೇಳಬೇಕು. ಆ ಗುಟ್ಟು ಕಂಪನಿಯದು, ಖರ್ಚು ಅವನದು. ಅವನ ಬದುಕಿನ ವಿಷಯವಾದ್ದರಿಂದ ತಿಳಿಯುವ ಹಕ್ಕು ಎಲ್ಲರಿಗಿಂತ ಹೆಚ್ಚು ಅವನಿಗೇ ಇದೆ. ಆದರೂ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಗೌಪ್ಯತೆ ಎನ್ನುತ್ತಾರೆ, ಅದನ್ನು ಕಾಪಾಡಿದವರಿಗೆ ವರ್ಷದ ಕೊನೆಗೆ ಒಳ್ಳೆಯ ರೇಟಿಂಗ್ ಸಿಗುತ್ತದೆ. ಅಧಿಕಾರವಿರುವವರ ಗುಟ್ಟಿಗೆ ಯಾವಾಗಲೂ ಒಂದು ಗೌರವದ ಹೆಸರು ಸಿದ್ಧವಿರುತ್ತದೆ.

ಅಧಿಕಾರವಿಲ್ಲದವರ ಗುಟ್ಟಿನ ಕಥೆ ಬೇರೆ. ಊರು ಬಿಟ್ಟು ಮುಂಬಯಿಗೆ ಬಂದು ದುಡಿಯುವ ಹೆಣ್ಣುಮಕ್ಕಳಿಗೆ ಅದು ಗೊತ್ತು. ಪವಯಿಯಲ್ಲೋ ಮಲಾಡಿನಲ್ಲೋ ಮೂವರು ಸೇರಿ ಫ್ಲ್ಯಾಟ್ ಹಿಡಿಯಬೇಕು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಮೊದಲು ಬ್ರೋಕರ್ ಕೇಳುವ ಪ್ರಶ್ನೆಗಳು, ಆಮೇಲೆ ಸೊಸೈಟಿ ಸೆಕ್ರೆಟರಿಯ ಪ್ರಶ್ನೆಗಳು, ಆಮೇಲೆ ವಾಚ್‌ಮನ್ ರಿಜಿಸ್ಟರು, ಗೇಟಿನ ಆ್ಯಪು, ಲಿಫ್ಟಿನ ಕ್ಯಾಮೆರಾ. ಹುಬ್ಬಳ್ಳಿಯಿಂದ ಅಮ್ಮ ಫೋನ್ ಮಾಡಿದಾಗ ಕೊನೆಯ ಲೋಕಲ್‌ನಲ್ಲಿ ನಿಂತಿದ್ದರೂ ‘ರೂಮಿನಾಗ ಅದೀನಿ, ಊಟ ಆತು’ ಎನ್ನಬೇಕು. ಇದು ಸುಳ್ಳು ಹೌದು. ಆದರೆ ಎಲ್ಲ ಕಡೆಯಿಂದಲೂ ಕಣ್ಣಿಟ್ಟಿರುವಾಗ ಉಸಿರಾಡುವ ಜಾಗ ಸಿಗುವುದು ಇಂಥ ಸುಳ್ಳಿನಲ್ಲಿ ಮಾತ್ರ. ನಿಜ ಹೇಳಿದರೆ ಕೆಲಸ ಬಿಟ್ಟು ಊರಿಗೆ ಬಾ ಎನ್ನುವ ಮನೆಯಲ್ಲಿ, ನಿಜವನ್ನು ದುಬಾರಿ ಮಾಡಿದವರು ಯಾರು ಎಂದೂ ಕೇಳಬೇಕಲ್ಲವೇ?

ನಾನಿರುವ ಉಪನಗರದ ಸೊಸೈಟಿಯ ಜನರಲ್ ಬಾಡಿ ಮೀಟಿಂಗಿನಲ್ಲಿ ಒಮ್ಮೆ ಒಂದು ಪ್ರಸ್ತಾಪ ಬಂದಿತ್ತು. ಮದುವೆಯಾಗದ ಹೆಣ್ಣುಮಕ್ಕಳು ಬಾಡಿಗೆಗಿರುವ ಫ್ಲ್ಯಾಟುಗಳಿಗೆ ರಾತ್ರಿ ಹತ್ತರ ಮೇಲೆ ಬರುವವರ ಹೆಸರು, ಸಂಬಂಧ, ಬಂದ ಕಾರಣ ಬೇರೆ ರಿಜಿಸ್ಟರಿನಲ್ಲಿ ಬರೆಸಬೇಕು, ಎಲ್ಲ ಅವರ ಸುರಕ್ಷತೆಗಾಗಿ. ಬಾಡಿಗೆದಾರರಿಗೆ ಆ ಸಭೆಯಲ್ಲಿ ಮತವಿಲ್ಲ, ಆ ಹುಡುಗಿಯರು ಅಲ್ಲಿರಲೂ ಇಲ್ಲ. ಹಲವರು ತಲೆಯಾಡಿಸಿದರು. ಆಗ ಒಬ್ಬ ಹಿರಿಯ ಮಹಿಳೆ ಎದ್ದು, ಸುರಕ್ಷತೆ ಒಳ್ಳೆಯದೇ, ಹಾಗಾದರೆ ಎಲ್ಲ ಫ್ಲ್ಯಾಟಿಗೂ ಅದೇ ರಿಜಿಸ್ಟರ್ ಇಡೋಣ, ನಮ್ಮ ನಮ್ಮ ಮನೆಗೆ ರಾತ್ರಿ ಯಾರು ಬಂದರು, ಯಾಕೆ ಬಂದರು, ಯಜಮಾನರು ಎಷ್ಟು ಹೊತ್ತಿಗೆ ಬಂದರು, ಎಲ್ಲ ಬರೆಸೋಣ ಎಂದರು. ಐದು ನಿಮಿಷದಲ್ಲಿ ವಿಷಯ ನೀರಿನ ಟ್ಯಾಂಕರ್ ಬಿಲ್ಲಿಗೆ ಹೊರಳಿತು. ಆ ಪ್ರಸ್ತಾಪ ಮತ್ತೆ ಬಂದಿಲ್ಲ.

ಆ ಮಹಿಳೆ ಮಾಡಿದ್ದು ಸರಳವಾದ ಪರೀಕ್ಷೆ. ಬೇರೆಯವರಿಗೆ ಹಾಕುವ ನಿಯಮವನ್ನು ನನಗೂ ಹಾಕಿದರೆ ಒಪ್ಪುತ್ತೇನೆಯೇ? ಶ್ರೀಕಾಂತನಿಗೂ ಸುಚಿಗೂ ಇದನ್ನೇ ಅನ್ವಯಿಸಬಹುದು. ಲೋಣಾವಳಾದ ರಾತ್ರಿಯ ಬಗ್ಗೆ ಸುಚಿಯನ್ನು ಕೇಳುವ ಹಕ್ಕು ಶ್ರೀಕಾ‌ಂತನಿಗಿದೆ. ತಾನು ಮನೆಯಲ್ಲಿಲ್ಲದ ನೂರಾರು ರಾತ್ರಿಗಳ ಬಗ್ಗೆ, ವಿವರ ಹೇಳಲಾಗದಿದ್ದರೂ, ಅವಳಿಗೆ ಲೆಕ್ಕ ಕೊಡುವ ಹೊಣೆಯೂ ಅವನಿಗಿದೆ. ಕರ್ಣನಿಗೆ ಕುಂತಿಯನ್ನು ಕೇಳುವ ಹಕ್ಕಿತ್ತು, ಅವನು ಕೇಳಿಯೂ ಕೇಳಿದ. ಆದರೆ ಇಡೀ ಕುಲಕ್ಕೆ ಶಾಪ ಕೊಡುವ ಹಕ್ಕು ಯಾರಿಗೂ ಇರಲಿಲ್ಲ. ಹಾಗೆಯೇ ಸೋಫಾದ ಮೇಲೆ ಕೂತ ನಮಗೆ ಸುಚಿಯಿಂದ ವರದಿ ಕೇಳುವ ಹಕ್ಕಿಲ್ಲ.

ನಮ್ಮ ಕಾನೂನು ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 27ರಂದು, ಅಂದರೆ ‘ಫ್ಯಾಮಿಲಿ ಮ್ಯಾನ್’ ಬರುವುದಕ್ಕೆ ಒಂದು ವರ್ಷ ಮೊದಲು, ಜೋಸೆಫ್ ಶೈನ್ ಪ್ರಕರಣದಲ್ಲಿ ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ 497ನೇ ಕಲಮನ್ನು ರದ್ದು ಮಾಡಿತು. ಹೆಂಡತಿಯನ್ನು ಗಂಡನ ಆಸ್ತಿಯಂತೆ ನೋಡುವ ಕಲಮು ಅದು, ಗಂಡನ ಒಪ್ಪಿಗೆಯಿದ್ದರೆ ಅಲ್ಲಿ ಅಪರಾಧವೇ ಇರಲಿಲ್ಲ. ವಿಚ್ಛೇದನಕ್ಕೆ ಅದು ಇಂದಿಗೂ ಕಾರಣವಾಗಬಲ್ಲದು, ಅಷ್ಟರಮಟ್ಟಿಗೆ ಅದು ಗಂಡ ಹೆಂಡಿರ ನಡುವಿನ ಲೆಕ್ಕ. ಪೊಲೀಸರು ಆ ಕೋಣೆಯಿಂದ ಹೊರಬಂದ ಮೇಲೂ ನೋಡುಗರು ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಾರೆ.

ಇದೊಂದು ಕಟ್ಟುಕಥೆ, ಸುಚಿ ಎಂಬವಳೇ ಇಲ್ಲ, ನಾವು ಏನು ಮಾತಾಡಿದರೆ ಅವಳಿಗೇನು ಎಂದು ನೀವು ಕೇಳಬಹುದು. ಅವಳಿಗೆ ಏನೂ ಇಲ್ಲ. ಆದರೆ ಕಥೆಯ ಪಾತ್ರಗಳ ಬಗ್ಗೆ ಮಾತಾಡುವಾಗ ನಾವು ನಿಜವಾದ ಮನುಷ್ಯರ ಬಗ್ಗೆ ಮಾತಾಡುವಾಗಿನ ಎಚ್ಚರ ಇಟ್ಟುಕೊಳ್ಳುವುದಿಲ್ಲ, ಮನಸ್ಸಿನಲ್ಲಿದ್ದದ್ದು ಹಾಗೇ ಬರುತ್ತದೆ. ಕ್ಯಾಂಟೀನಿನಲ್ಲಿ ಆರು ಜನ ಸೇರಿ ಲೋಣಾವಳಾದ ಜೋಕು ಮಾಡುವಾಗ ಪಕ್ಕದ ಟೇಬಲ್ಲಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಡಬ್ಬಿ ಬಿಚ್ಚಿಕೊಂಡು ಕೂತಿರುತ್ತಾಳೆ. ಅವಳಿಗೂ ಹೇಳಿಕೊಳ್ಳಲಾಗದ ಯಾವುದೋ ವಿಷಯವಿರಬಹುದು. ಮನೆಯವರು ಒಪ್ಪದ ಗೆಳೆಯನಿರಬಹುದು, ಮುರಿದ ಮದುವೆಯಿರಬಹುದು, ಯಾರೋ ಮೇಲಿನವರ ಕಾಟವಿರಬಹುದು. ಕಷ್ಟ ಬಂದರೆ ಈ ಆರು ಜನರಲ್ಲಿ ಯಾರ ಹತ್ತಿರ ಹೋಗಬಹುದು ಎಂದು ಅವಳು ನಮ್ಮ ಮಾತಿನಿಂದಲೇ ಲೆಕ್ಕ ಹಾಕುತ್ತಿರುತ್ತಾಳೆ.